ಕೊಡ ತುಂಬಿಸುವ ಓನರಮ್ಮ

ಬಸಕ್ಕ ಕೊಡ ಇಟ್ಟು ಹಿಂದೆ ಸರಿದಳು.

ಅದು ಆ ಮನೆಯ ರೂಲು. ಹಿಂದಿನ ಸಾಲಿನ ಖೋಲಿಯವರು ನಲ್ಲಿ ಮುಟ್ಟಬಾರದು. ಕೊಡ ತಂದು ಕಲ್ಲಿನ ಮೇಲೆ ಇಡಬೇಕು, ಸರಿದು ನಿಲ್ಲಬೇಕು, ಕಾಯಬೇಕು. ಓನರಮ್ಮ ಕೃಷ್ಣಮ್ಮ ಪುರುಸೊತ್ತಾದಾಗ ಬರುತ್ತಾಳೆ. ನಲ್ಲಿಗೆ ಸಿಕ್ಕಿಸಿದ ಹಸಿರು ಪೈಪು ಎತ್ತುತ್ತಾಳೆ. ಪೈಪು ಕೊಡಕ್ಕೆ ತಾಗದ ಹಾಗೆ ಮೇಲಿಂದ ನೀರು ಬಿಡುತ್ತಾಳೆ. ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ. ತುಂಬಿದ ಮೇಲೆ ಅವಳು ಸರಿಯುತ್ತಾಳೆ, ಬಸಕ್ಕ ಮುಂದೆ ಬರುತ್ತಾಳೆ. ದೂರದಿಂದ ನೋಡಿದವರು ಇಬ್ಬರು ಹೆಂಗಸರು ಬೆಳಬೆಳಗ್ಗೆ ಕೋಲಾಟ ಕಲಿಯುತ್ತಿದ್ದಾರೆ ಅಂದುಕೊಳ್ಳಬೇಕು. ಹಿಂದಿನ ಸಾಲಿನ ಯಾವುದಾದರೂ ಕೂಸು ಆಡುತ್ತ ಬಂದು ನಲ್ಲಿಗೆ ಕೈ ತಾಗಿಸಿತೋ, ಮುಗಿಯಿತು. ಕೃಷ್ಣಮ್ಮ ಹುಣಸೆಹಣ್ಣು ತಂದು ಆ ಹಿತ್ತಾಳೆ ನಲ್ಲಿಯನ್ನು ಗಸಗಸ ತಿಕ್ಕುತ್ತಾಳೆ. ಎಲ್ಲರಿಗೂ ಕಾಣುವ ಹಾಗೆ ತಿಕ್ಕುತ್ತಾಳೆ.

ಇದು ಯಾವ ಕಾಲದ ಕತೆ ಅಂತ ಕೇಳಬೇಡಿ. ಮೊನ್ನೆ ಮೊನ್ನೆಯದು. ಊರು ಚಂದಾಪುರ. ಮನೆ ನಂಜಪ್ಪನದು. ಮುಂದೆ ಗ್ರಾನೈಟ್ ಹಾಸಿದ ಎರಡಂತಸ್ತಿನ ಮನೆ; ಕೆಳಗೆ ನಂಜಪ್ಪ, ಹೆಂಡತಿ ಕೃಷ್ಣಮ್ಮ, ಮಗ ಲಿಖಿತ್. ಮೇಲೆ ಬಾಡಿಗೆಗೆ ಮಂಜುಶ್ರೀ ಅನ್ನುವ ಶಾಲೆ ಟೀಚರು. ಹಿಂದೆ ಸಿಮೆಂಟ್ ಶೀಟಿನ ಖೋಲಿಗಳ ಸಾಲು. ಅಲ್ಲಿ ಸುರಪುರ, ಶಹಾಪುರದ ಕಡೆಯಿಂದ ದುಡಿಯಲು ಬಂದವರು. ನಂಜಪ್ಪನ ಅಪ್ಪ ಅಲ್ಲಿ ರಾಗಿ ಬೆಳೆಯುತ್ತಿದ್ದ. ನಂಜಪ್ಪ ಬಾಡಿಗೆ ಬೆಳೆಯುತ್ತಾನೆ.

ಬಸಕ್ಕ ಬಂದ ದಿನವೇ ಕೃಷ್ಣಮ್ಮ ಕೇಳಿದ್ದಳು, "ಯಾವ ಜನ ನೀವು?" ಬಸಕ್ಕನ ಗಂಡ ಯಂಕಪ್ಪ ನೆಲ ನೋಡಿದ. ಬಸಕ್ಕ ಮಾತ್ರ ಮುಖ ನೋಡಿ ಹೇಳಿದಳು, "ಮಾದರ ಮಂದಿ ರೀ." ಕೃಷ್ಣಮ್ಮ ಬಾಡಿಗೆ ಬೇಡ ಅನ್ನಲಿಲ್ಲ. ನೋಟಿಗೆ ಮೈಲಿಗೆ ಇಲ್ಲವಲ್ಲ! "ಇರಿ. ಆದ್ರೆ ನಲ್ಲಿ ಮುಟ್ಟಬ್ಯಾಡಿ. ನಾನೇ ಬಿಟ್ಕೊಡ್ತೀನಿ," ಅಂದಳು. ಮೇಲಿನ ಟೀಚರು ಇಳಿದು ಬಂದು ಬೇಕಾದಾಗ ನಲ್ಲಿ ತಿರುಗಿಸಿಕೊಂಡು ಹೋಗುತ್ತಿದ್ದರು. ಅವರಿಗೆ ಯಾವ ರೂಲೂ ಇರಲಿಲ್ಲ.

ಇನ್ನು ಬಸಕ್ಕನ ಕೆಲಸ ಏನು ಗೊತ್ತೇ? ನೀರು ಬಿಡುವುದು! ಎಲೆಕ್ಟ್ರಾನಿಕ್ ಸಿಟಿಯಲ್ಲಿ ಏಳುತ್ತಿರುವ ಕಂಪನಿ ಕಟ್ಟಡವೊಂದರಲ್ಲಿ ಹಸಿ ಕಾಂಕ್ರೀಟಿಗೆ, ಹೊಸ ಗೋಡೆಗೆ ನೀರು ಕುಡಿಸುವುದು. ಬೆಳಗಿನಿಂದ ಸಂಜೆಯ ತನಕ ದಪ್ಪ ಪೈಪು ಹೆಗಲ ಮೇಲೆ. ಮಾಳಿಗೆಯಿಂದ ಮಾಳಿಗೆಗೆ ಎಳೆಯಬೇಕು. ಹೆಗಲ ಚರ್ಮ ಕಿತ್ತು ಬರುತ್ತದೆ. ಕಾಲ ಬೆರಳ ಸಂದಿ ಸಿಮೆಂಟಿನ ನೀರಿಗೆ ಕೊಳೆಯುತ್ತದೆ. ನೀರು ಕಮ್ಮಿಯಾದರೆ ಗೋಡೆ ಬಿರುಕು ಬಿಡುತ್ತದೆಂದು ಸೂಪರ್‌ವೈಸರ್ ಬೈಯುತ್ತಾನೆ. ಹೀಗೆ ದಿನವಿಡೀ ಗೋಡೆಗಳಿಗೆ ಹೊಟ್ಟೆ ತುಂಬ ನೀರು ಕುಡಿಸಿದ ಬಸಕ್ಕ ಸಂಜೆ ಮನೆಗೆ ಬಂದು ಒಂದು ಕೊಡ ನೀರಿಗೆ ಕಲ್ಲಿನ ಪಕ್ಕ ನಿಂತಿರಬೇಕು. ಒಳಗೆ ಕೃಷ್ಣಮ್ಮನ ಸೀರಿಯಲ್ ಮುಗಿಯಬೇಕು. ಇಂಥದಕ್ಕೆ ಸಿಟ್ಟು ಬರದಿದ್ದರೆ ಅದು ಮೈಯಲ್ಲ, ಇಟ್ಟಿಗೆ. ಬಸಕ್ಕನಿಗೆ ಬರುತ್ತಿತ್ತು. ಆದರೆ ಸಿಟ್ಟು ಬಂದಾಗಲೆಲ್ಲ ನಗುವುದು ಅವಳ ಚಾಳಿ. ಅವಳು ನಕ್ಕರೆ ಯಂಕಪ್ಪನಿಗೆ ಹೆದರಿಕೆ.

ಹೀಗಿರುವಾಗ ನಂಜಪ್ಪ ಪಕ್ಕದ ಸೈಟಿನಲ್ಲಿ ಹೊಸ ಕಟ್ಟಡ ಎಬ್ಬಿಸಿದ. ಪುಟ್ಟ ಪುಟ್ಟ ರೂಮುಗಳು, ಹೆಸರು ನಂಜಪ್ಪ ರೆಸಿಡೆನ್ಸಿ. ಬಣ್ಣ ಜೋರಾಗಿತ್ತು. ರೂಮಿನೊಳಗೆ ನಲ್ಲಿಯೂ ಇತ್ತು, ಆದರೆ ಅದರಲ್ಲಿ ಗಾಳಿ ಬರುತ್ತಿತ್ತು. ನೀರಿನ ಕನೆಕ್ಷನ್ ಇನ್ನೂ ಆಗಿರಲಿಲ್ಲ. ಆ ತನಕ ಮುಂದಿನ ಅಂಗಳದ ಹಿತ್ತಾಳೆ ನಲ್ಲಿಯೇ ಗತಿ. ನೋಡಲು ಬಂದವರು ನಲ್ಲಿ ತಿರುಗಿಸಿ, ಪುಸ್ಸೆಂದ ಸದ್ದು ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗುತ್ತಿದ್ದರು. ಕಟ್ಟಡ ಖಾಲಿ ಹೊಡೆಯುತ್ತಿತ್ತು. ನಂಜಪ್ಪನ ಮುಖ ಹುಳಿ ಮಜ್ಜಿಗೆ ಕುಡಿದವನ ಹಾಗಾಗಿತ್ತು.

"ಅಪ್ಪಾ, ಬೋರ್ಡ್ ತಗಲಾಕಿದ್ರೆ ಯಾರ್ ಬರ್ತಾರೆ ಈಗ? ನಾನು ಆಡ್ ಹಾಕ್ತೀನಿ ಬಿಡು," ಅಂದ ಲಿಖಿತ್. ಹುಡುಗ ಬೆಳ್ಳಂದೂರಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸು ಮುಗಿಸಿದ್ದ. ಕೋರ್ಸಿನಲ್ಲಿ ಕಲಿತದ್ದು ಇಷ್ಟು: ನೀನು ಬರೆಯಬೇಡ, ಎಐಗೆ ಹೇಳು, ಅದು ಬರೆಯುತ್ತದೆ. ಲಿಖಿತ್ ಫೋನಿಗೆ ಎಲ್ಲ ಹೇಳಿದ. ಫೋನು ತಿರುಗಿ ಕೇಳಿತು, ನಿಮ್ಮ ಗಿರಾಕಿಗಳು ಯಾರು? ಫ್ಯಾಕ್ಟರಿಯವರು, ಬಿಲ್ಡಿಂಗ್ ಕೆಲಸದವರು, ಉತ್ತರ ಕರ್ನಾಟಕದವರೇ ಜಾಸ್ತಿ, ಅಂದ. ಅವರ ದೊಡ್ಡ ಚಿಂತೆ ಯಾವುದು? ನೀರು, ಅಂದ. ಹಾಗಾದರೆ ಈಗಾಗಲೇ ಬಾಡಿಗೆಗೆ ಇರುವವರಲ್ಲಿ ಆ ಕಡೆಯವರೊಬ್ಬರ ಬಾಯಿಂದಲೇ ನೀರಿನ ಬಗ್ಗೆ ಮಾತಾಡಿಸಿ, ಜನ ತಮ್ಮವರ ಮಾತು ನಂಬುತ್ತಾರೆ, ಅಂತ ಹೇಳಿ ಫೋನು ಮಾತನ್ನೂ ಬರೆದುಕೊಟ್ಟಿತು.

ಹಾಗೆ ಒಂದು ಭಾನುವಾರ ಬೆಳಿಗ್ಗೆ, ಹುಟ್ಟಿದಾಗಿನಿಂದ ಹಿಂದಿನ ಸಾಲಿಗೆ ಕಾಲಿಡದ ಹುಡುಗ ಕೈಯಲ್ಲಿ ಫೋನು ಹಿಡಿದು ಪ್ರತ್ಯಕ್ಷನಾದ.

ಬಸಕ್ಕ ಬಾಗಿಲಲ್ಲಿ ಕೂತು ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಪಕ್ಕದ ಖೋಲಿಯ ಭಾಗ್ಯಶ್ರೀ ತಲೆ ಬಾಚಿಕೊಳ್ಳುತ್ತಿದ್ದಳು. ಗಾರ್ಮೆಂಟ್ಸಿಗೆ ಹೋಗುವ ಹುಡುಗಿ, ರೀಲ್ಸ್ ಅಂದರೆ ಜೀವ ಬಿಡುತ್ತಾಳೆ.

"ಅಕ್ಕ, ನೀವು ಸ್ಟಾರ್ ಆಗ್ತೀರ ಇವತ್ತು!" ಅಂದ ಲಿಖಿತ್. "ಇದನ್ನ ನಾನು ಓದ್ತೀನಿ, ನೀವು ಹಂಗೇ ಹೇಳಿದ್ರೆ ಸಾಕು."

ಓದಿದ: "ನಮಸ್ಕಾರ್ರೀ ಯಪ್ಪಾ, ಯವ್ವಾ! ನಾ ನಿಮ್ಮ ಬಸಕ್ಕ. ದಣದು ಮನಿಗಿ ಬಂದ್ರ ನಿಮಗೇನ್ ಬೇಕ್ರೀ? ನೀರು! ನಂಜಪ್ಪ ರೆಸಿಡೆನ್ಸಿಯೊಳಗ ನಾ ಬೇಕಾದಾಗ ಹೋಗ್ತೀನಿ, ನಳ ತಿರುವ್ತೀನಿ, ಗಂಗವ್ವ ಧೋ ಅಂತ ಸುರೀತಾಳ!"

ಭಾಗ್ಯಶ್ರೀ ಬಾಚಣಿಗೆ ಬಿಟ್ಟು ಚಪ್ಪಾಳೆ ತಟ್ಟಿದಳು. "ಯವ್ವಾ, ನಾಟಕದ ಮಾಸ್ತರ ಬರದಂಗ ಅದ! ಯಾರು ಬರದಾರೋ ತಮ್ಮಾ?"

"ಎಐ ಅಕ್ಕ. ಫೋನಲ್ಲಿರತ್ತೆ. ಏನ್ ಕೇಳಿದ್ರೂ ಬರ್ಕೊಡತ್ತೆ."

ಬಸಕ್ಕ ನಕ್ಕಳು. ಒಳಗಿದ್ದ ಯಂಕಪ್ಪ ಆ ನಗು ಕೇಳಿ ಎದ್ದು ಕೂತ.

"ನಾ ಬೇಕಾದಾಗ ಹೋಗ್ತೀನಿ, ನಳ ತಿರುವ್ತೀನಿ ಅಂತ ಹೇಳಬೇಕಾ?"

"ಹೂಂ ಅಕ್ಕ. ಅದೇ ಮೇನ್ ಪಾಯಿಂಟ್."

"ಆ ನಳ ನಾ ಇನ್ನಾ ಒಮ್ಮೆನೂ ಮುಟ್ಟಿಲ್ಲಲ್ಲೋ ತಮ್ಮಾ."

ಲಿಖಿತ್ ಪೆಚ್ಚಾದ. ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ದಿನಾ ಬೆಳಿಗ್ಗೆ ಅದೇ ನಲ್ಲಿಯ ಪಕ್ಕ ಬೈಕು ತೊಳೆಯುವವನು. ಅಮ್ಮ ಪೈಪು ಎತ್ತುವುದು, ಬಸಕ್ಕ ಸರಿಯುವುದು, ಎಲ್ಲ ಅವನ ಕಣ್ಣೆದುರಿಗೇ. ಕಣ್ಣೆದುರಿಗೆ ಇದ್ದದ್ದು ತಲೆಗೆ ಹೋಗಿರಲಿಲ್ಲ, ಅಷ್ಟೆ. ಮೇಲೆ ಕೂತವರಿಗೆ ಹೀಗೊಂದು ಅನುಕೂಲ ಇರುತ್ತದೆ.

"ಇದು ಆಡ್ ಅಕ್ಕ," ಅಂದ. "ಆಡ್‌ನಲ್ಲಿ ಎಲ್ಲಾರೂ ಹಂಗೇ ಹೇಳೋದು. ಸೋಪಿನ ಆಡ್ ನೋಡಿಲ್ವಾ?"

"ಸೋಪಿನ ಆಡ್ ನೋಡಿ ನಮ್ಮೂರ ಮಂದಿ ಬಸ್ ಹತ್ತಂಗಿಲ್ಲ. ನನ್ನ ಮಾರಿ ನೋಡಿದ್ರ ಹತ್ತತಾರ. ನಮ್ಮ ನೆಗೆಣ್ಣಿ ಹತ್ರ ಫೋನ್ ಅದ, ನಮ್ಮವ್ವನ ಹತ್ರ ಅದ. ಬಸಕ್ಕ ಹೇಳ್ಯಾಳ ಅಂತ ಇಡೀ ಕೇರಿ ಗಂಟು ಕಟ್ಕೊಂಡು ಬರ್ತದ. ಬಂದು ಆ ಕಲ್ಲಿನ ಬಾಜೂಕ ಕೊಡ ಹಿಡದು ನಿಂದ್ರತದ. ಆಗ ನಾ ಯಾವ ಮಾರಿ ತೋರಸ್ಲಿ?"

"ಸರಿ, ಅಷ್ಟೆಲ್ಲ ಬೇಡ. ನೀರಿಗೆ ತೊಂದ್ರೆ ಇಲ್ಲ ಅಂತ ಹೇಳಿ ಸಾಕು."

"ಹೇಳ್ತೀನಿ!" ಬಸಕ್ಕ ಸೆರಗು ಸಿಕ್ಕಿಸಿ ಎದ್ದೇ ಬಿಟ್ಟಳು. "ನಡಿ, ಮದ್ಲ ಹೋಗಿ ನಿಮ್ಮವ್ವನ ಮುಂದ ಆ ನಳ ತಿರುವಿ ಬರ್ತೀನಿ. ಬಂದು ನೀ ಹೇಳಿದ್ದು ಹತ್ತು ಸಲ ಹೇಳ್ತೀನಿ. ಬೇಕಾದ್ರ ಕುಣಕೊಂತ ಹೇಳ್ತೀನಿ."

"ಅಯ್ಯೋ, ಅಮ್ಮ ಒಪ್ಪಲ್ಲ ಅಕ್ಕ."

"ಹಂಗಾರ ನಾನೂ ಒಪ್ಪಂಗಿಲ್ಲ."

ಲಿಖಿತ್ ಆಸೆಯಿಂದ ಭಾಗ್ಯಶ್ರೀ ಕಡೆ ತಿರುಗಿದ. ಪಾಪ, ಆ ಹುಡುಗಿಗೆ ಕ್ಯಾಮೆರಾದ ಮುಂದೆ ನಿಲ್ಲುವುದೆಂದರೆ ಹೋಳಿಗೆ ಉಂಡಷ್ಟು ಖುಷಿ. ತುಟಿ ಕಚ್ಚಿಕೊಂಡಳು. ಬಸಕ್ಕನ ಮುಖ ನೋಡಿದಳು. "ನನಗೂ ಆಗಂಗಿಲ್ಲ ಬಿಡು. ನಾನೂ ಕೊಡ ಇಟ್ಟು ಹಿಂದಕ್ಕ ಸರಿಯಾಕಿನೇ," ಅಂದಳು. ಹುಡುಗ ಫೋನು ಜೇಬಿಗೆ ತುರುಕಿಕೊಂಡು ಹೋದ.

ಅವನು ಹೋಗಿದ್ದೇ ತಡ, ಯಂಕಪ್ಪ ಹೊರಗೆ ಬಂದ. "ನಿನಗ ತಲಿ ಕೆಟ್ಟದೇನು? ಓನರ ಮಗಾ ಅಂವ. ಖೋಲಿ ಬಿಡು ಅಂದ್ರ ಎಲ್ಲಿಗಿ ಹೋಗೂದು? ಎಲ್ಲಿ ಹೋದ್ರೂ ಇದ ಕೇಳ್ತಾರ, ಯಾವ ಜನ, ಯಾವ ಜನ. ಇಲ್ಲೇನೋ ನೀರರ ಬಿಡ್ತಾರ."

"ಬಿಡ್ತಾರ. ಎಮ್ಮಿಗಿ ಬಿಟ್ಟಂಗ ಬಿಡ್ತಾರ," ಅಂದಳು ಬಸಕ್ಕ. "ಎಮ್ಮಿಗರ ಬಾನಿಗಿ ಬಾಯಿ ಹಾಕಾಕ ಕೊಡ್ತಾರ."

ಯಂಕಪ್ಪ ಒಳಗೆ ಹೋದ. ಹೆದರಿಕೆ ಅವನದು ಸುಳ್ಳಲ್ಲ. ಎರಡು ಕಡೆ ಖೋಲಿ ಬಿಡಿಸಿಕೊಂಡು ಬಂದವನು.

ಲಿಖಿತ್ ತನ್ನ ರೂಮಿಗೆ ಹೋಗಿ ಮತ್ತೆ ಫೋನಿಗೆ ಕೇಳಿದ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಬಾಡಿಗೆಯವರು ನಲ್ಲಿ ಮುಟ್ಟುವಂತಿಲ್ಲ, ನಮ್ಮಮ್ಮನೇ ನೀರು ತುಂಬಿಸಿಕೊಡುತ್ತಾರೆ, ಇದನ್ನು ಪಾಸಿಟಿವ್ ಆಗಿ ಬರಿ. ಯಾಕೆ ಮುಟ್ಟುವಂತಿಲ್ಲ ಅಂತ ಅವನೂ ಹೇಳಲಿಲ್ಲ, ಅದೂ ಕೇಳಲಿಲ್ಲ. ಬರೆದುಕೊಡು ಅಂದರೆ ಬರೆದುಕೊಡುವ ಜಾತಿ ಅದು. ಅದಕ್ಕೆ ಬಾಯಾರುವುದಿಲ್ಲ. ಹುಡುಗ ಮೇಲಿನ ಬಾಲ್ಕನಿಯಿಂದ ಅಮ್ಮ ಪೈಪು ಹಿಡಿದು ನಿಂತಿದ್ದನ್ನು ಫೋಟೋ ತೆಗೆದ. ಬೆಳಗಿನ ಬಿಸಿಲು, ಹಸಿರು ಪೈಪು, ಅರಿಶಿನದ ಕೆನ್ನೆ. ಫೋಟೋ ಚೆನ್ನಾಗಿಯೇ ಬಂತು. ಹಾಕಿಬಿಟ್ಟ.

ಮಾರನೆಯ ಸಂಜೆ ಭಾಗ್ಯಶ್ರೀ ಓಡುತ್ತ ಬಂದಳು. "ಅಕ್ಕಾ, ಬಸಕ್ಕಾ, ಇಲ್ಲಿ ಕೇಳು! ನಮ್ಮ ಗಾರ್ಮೆಂಟ್ಸ್ ಲೈನ್‌ನಾಗ ಎಲ್ಲಾರ ಫೋನಿನಾಗೂ ಇದ ಬಂದದ!" ಅಂತ ಓದಿದಳು:

"ಕಾಲ ಕೆಟ್ಟಿದೆ ಅಂತೀರಾ? ನಮ್ಮ ಓನರಮ್ಮನನ್ನು ನೋಡಿ! ನೀವು ನಲ್ಲಿ ಮುಟ್ಟುವುದೇ ಬೇಡ! ಕೊಡ ತಂದಿಟ್ಟರೆ ಸಾಕು, ತಾಯಿಯ ಕೈಯಿಂದಲೇ ನೀರು! ಚಂದಾಪುರದಲ್ಲಿ ಓನರಮ್ಮ ಖುದ್ದು ನಿಂತು ಕೊಡ ತುಂಬಿಸಿಕೊಡುವ ಏಕೈಕ ವಸತಿ, ನಂಜಪ್ಪ ರೆಸಿಡೆನ್ಸಿ. ಇಂದೇ ಬನ್ನಿ, ಕೆಲವೇ ರೂಮುಗಳು ಬಾಕಿ!"

ಬಸಕ್ಕ ನಗಲಿಲ್ಲ.

"ಇನ್ನೊಮ್ಮೆ ಓದು," ಅಂದಳು.

ಓದಿದಳು.

ನಲ್ಲಿ ಮುಟ್ಟುವುದೇ ಬೇಡ. ಬಸಕ್ಕನ ಕಿವಿ ಕಾದವು. ಬಂದಾಗಿನಿಂದ ಹಲ್ಲು ಕಚ್ಚಿ ನುಂಗಿದ್ದನ್ನು ಯಾರೋ ಬಾಯಿಂದ ತೆಗೆದು, ಜರಿ ಕಾಗದ ಸುತ್ತಿ, ಊರಿಗೆಲ್ಲ ಹಂಚಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಆ ಫೋನನ್ನು ಕಸಿದು ಗೋಡೆಗೆ ಬಡಿಯಬೇಕು ಅನ್ನಿಸಿತು. ಭಾಗ್ಯಶ್ರೀಯ ಫೋನು, ಪಾಪ, ಇನ್ನೂ ಕಂತು ಮುಗಿದಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡಳು.

ಕಣ್ಣೊರೆಸಿಕೊಂಡು ಕೇಳಿದಳು, "ಅಲ್ಲ, ಇದು ನಮಗಷ್ಟೇ ಅಂತ ಬರದಾನೇನು? ಹಿಂದಿನ ಸಾಲಿನವರಿಗಿ ಅಂತ?"

"ಇಲ್ಲಕ್ಕ. ನೀವು ಅಂತ ಅದ. ಎಲ್ಲಾರಿಗೂ."

"ಅಂದ್ರ ಕೃಷ್ಣಮ್ಮಾರು ಎಲ್ಲಾರ ಕೊಡ ತುಂಬಿಸಿ ಕೊಡಬೇಕು. ಯಾರೂ ನಳ ಮುಟ್ಟಂಗಿಲ್ಲ."

"ಹೌದಲ್ಲ!"

ಆಗ ಬಸಕ್ಕ ನಕ್ಕಳು ನೋಡಿ! ಶೀಟು ಅದುರುವ ಹಾಗೆ ನಕ್ಕಳು. ಒಳಗೆ ಯಂಕಪ್ಪ "ಏ ದೇವರೇ" ಅಂದ.

ಜಾಹೀರಾತು ಓಡಿತು. ಓಡದೆ ಏನು! ಬೆಂಗಳೂರಿನ ಓನರುಗಳನ್ನು ಬಲ್ಲವರು ಯಾರು ತಾನೇ ಅದನ್ನು ನೋಡಿ ಸುಮ್ಮನಿದ್ದಾರು? ಎರಡು ಬಕೆಟ್ ಜಾಸ್ತಿ ಹಿಡಿದರೆ ಮೋಟರ್ ಆಫ್ ಮಾಡುವ ಓನರುಗಳ ಕೈಯಲ್ಲಿ ಬೆಂದವರು ಇವರು. ಬೊಮ್ಮಸಂದ್ರದ ಫ್ಯಾಕ್ಟರಿಯವರು, ಒಡಿಶಾದ ಹುಡುಗರು, ಕಲಬುರ್ಗಿಯ ಸುಮಂಗಲಾ ಅನ್ನುವ ಬಾಯಿಬಡುಕಿ, ಅವಳ ಗಂಡ, ಅತ್ತೆ, ಗ್ಯಾಸ್ ಸಿಲಿಂಡರು. ಬಂದವರೆಲ್ಲ ಮೊದಲು ಕೇಳಿದ್ದು ರೂಮಲ್ಲ, ಅಮ್ಮನನ್ನು.

"ನೀವೇ ಏನ್ರೀ ಅವರು? ಫೋಟೋದಾಗ ಇದ್ದಂಗ ಇದ್ದೀರಿ!" ಅಂದಳು ಸುಮಂಗಲಾ. "ಎಲ್ಲಿ, ಒಂದು ಕೊಡ ತುಂಬಿಸಿ ತೋರಸ್ರಿ."

ಕೃಷ್ಣಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಅವಳಿಗೆ ಆಡೂ ಗೊತ್ತಿಲ್ಲ, ಎಐಯೂ ಗೊತ್ತಿಲ್ಲ. "ನಾನ್ಯಾಕೆ ತುಂಬ್ಸಲಿ? ಇದೇನಿದು ಇಂಗೆ?" ಅಂತ ಗಂಡನ ಕಡೆ ತಿರುಗಿದಳು. ನಂಜಪ್ಪ ಅಡ್ವಾನ್ಸ್ ಎಣಿಸುತ್ತಿದ್ದ. "ತುಂಬ್ಸೇ, ಒಂದ್ ಕೊಡಕ್ಕೆ ಏನ್ ಸವೆದೋಯ್ತೀಯ?" ಅಂದ. ತುಂಬಿಸಿದಳು. ಸುಮಂಗಲಾ ಖುಷಿಯಾಗಿ, "ನಮ್ಮ ಅತ್ತಿನೂ ನನಗ ಇಷ್ಟು ಮಾಡಿಲ್ಲ," ಅಂದಳು. ಅತ್ತೆ ಪಕ್ಕದಲ್ಲೇ ಇದ್ದಳು.

ರೂಮುಗಳು ತುಂಬಿದವು. ಬೆಳಿಗ್ಗೆ ಕೊಡಗಳ ಸಾಲು ಗೇಟಿನ ತನಕ ಬೆಳೆಯಿತು. ಸಾಲಿಗೆ ಬಸಕ್ಕನೇ ಮೇಸ್ತ್ರಿ. ಹೊಸಬರಿಗೆ ಮುಖ ಗಂಭೀರ ಮಾಡಿಕೊಂಡು ಹೇಳಿಕೊಡುತ್ತಿದ್ದಳು: "ಇಲ್ಲಿ ರೂಲ್ ಅದ ನೋಡ್ರಿ. ಕೊಡ ಕಲ್ಲಿನ ಮ್ಯಾಲ ಇಡ್ರಿ. ಹಿಂದಕ್ಕ ಸರೀರಿ. ಇನ್ನೂ ಸರೀರಿ. ನಳ ಮುಟ್ಟಬ್ಯಾಡ್ರಿ, ಓನರಮ್ಮಗ ಬ್ಯಾಸರ ಆಗ್ತದ. ಅವರೇ ತುಂಬಿಸಿ ಕೊಡ್ತಾರ. ತಾಯಿ ಇದ್ದಂಗ." ಒಡಿಶಾದ ಹುಡುಗರು ಮಾತು ತಿಳಿಯದಿದ್ದರೂ ಅವಳನ್ನು ನೋಡಿ ಕೊಡ ಇಟ್ಟರು, ಸರಿದರು. ಸುಮಂಗಲಾಳ ಅತ್ತೆ ಸರಿದಳು. ಒಂದು ದಿನ ಮೇಲಿನಿಂದ ಮಂಜುಶ್ರೀ ಟೀಚರೂ ಬಕೆಟ್ ಹಿಡಿದು ಇಳಿದು, ಕಲ್ಲಿನ ಮೇಲಿಟ್ಟು, ಸೀರೆ ನೆರಿಗೆ ಎತ್ತಿ ಹಿಂದೆ ಸರಿದು ನಿಂತರು. "ಆಡ್ ನೋಡ್ದೆ ಆಂಟಿ. ಸಕ್ಕತ್ತಾಗಿದೆ. ಇಷ್ಟು ದಿನ ನಾನು ದಡ್ಡಿ ಥರ ನಾನೇ ಹಿಡ್ಕೊಳ್ತಿದ್ನಲ್ಲ!"

ಕೃಷ್ಣಮ್ಮನ ತೋಳು ಊದಿತು. ಬೆಳಿಗ್ಗೆ ಪೈಪು, ಸಂಜೆ ಪೈಪು. ಉಪ್ಪಿಟ್ಟು ತಳ ಹಿಡಿಯಿತು. ಸೀರಿಯಲ್‌ನಲ್ಲಿ ಯಾರು ಯಾರನ್ನು ಮದುವೆಯಾದರೋ ತಿಳಿಯಲಿಲ್ಲ. ಪೂಜೆಗೆ ಕೂತರೆ ಹೊರಗಿನಿಂದ "ಅಮ್ಮಾ, ಕೊಡ ಇಟ್ಟೀವ್ರೀ!" ಅಂತ ರಾಗ. ಮಗನಿಗೆ ಬೈದಳು. ಆಡ್ ತೆಗೆದುಹಾಕು ಅಂದಳು. ತೆಗೆದರೆ ಇದ್ದವರೂ ಅಡ್ವಾನ್ಸ್ ವಾಪಸ್ ಕೇಳುತ್ತಾರೆ ಅಮ್ಮಾ, ಅಂದ ಅವನು. ಇಷ್ಟು ದಿನ ಹಿಂದಿನ ಸಾಲಿಗೆ ಮಾತ್ರ ಬಿಟ್ಟಾಗ ಅದು ಮಡಿ ಅನ್ನಿಸಿಕೊಂಡಿತ್ತು. ಎಲ್ಲರಿಗೂ ಬಿಡುವಾಗ ಅದು ಕೂಲಿಯಾಯಿತು.

ಕಡೆಗೆ ಒಂದು ಬೆಳಿಗ್ಗೆ ಕೃಷ್ಣಮ್ಮ ಪೈಪು ನೆಲಕ್ಕೆ ಒಗೆದಳು. ಟೀಚರ ಬಕೆಟ್ ಮುಂದಿತ್ತು.

"ನನ್ ಕೈಲಾಗಾಕಿಲ್ಲ! ಮಂಜುಶ್ರೀ, ನೀನು ತಿರುಗಿಸ್ಕಳಮ್ಮ. ನೀನು ಮುಟ್ಟಿದ್ರೆ ಪರ್ವಾಗಿಲ್ಲ."

ಸಾಲಿನಲ್ಲಿ ಸುಮಂಗಲಾ ಕಿವಿ ನಿಮಿರಿಸಿದಳು. "ಅವರು ಮುಟ್ಟಿದ್ರ ಪರವಾಗಿಲ್ಲ? ಹಂಗಾರ ಯಾರು ಮುಟ್ಟಬಾರದ್ರೀ?"

ಕೃಷ್ಣಮ್ಮ ಬಾಯಿ ತೆರೆದಳು. ಸಾಲಿನಲ್ಲಿ ಅಷ್ಟೊಂದು ಮುಖಗಳು. ಯಾರು ಯಾವ ಜನವೋ, ಅಡ್ವಾನ್ಸ್ ತಗೊಳ್ಳುವ ಭರದಲ್ಲಿ ನಂಜಪ್ಪ ಕೇಳಿಯೇ ಇರಲಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ನಂಜಪ್ಪ ಆಕಾಶ ನೋಡಿದ. ಟೀಚರು ಬಕೆಟ್ಟಿನ ಹಿಡಿ ನೋಡಿಕೊಂಡರು.

"ನಾ ರೀ."

ಬಸಕ್ಕ ಸಾಲಿನಿಂದ ಹೊರಗೆ ಬಂದಳು. ನಗುತ್ತಿರಲಿಲ್ಲ.

"ನಾ ಮುಟ್ಟಬಾರದು. ನಾ ಮಾದರಾಕಿ. ಭಾಗ್ಯಶ್ರೀ ಮುಟ್ಟಬಾರದು. ನಮ್ಮ ಹಿಂದಿನ ಸಾಲಿನ ಕೂಸು ಮುಟ್ಟಬಾರದು. ಫೋನಿನಾಗ ಬರದಾರಲ್ಲ, ತಾಯಿ ಕೈನೀರು ಅಂತ, ಅದು ಇದ ನೋಡ್ರಿ. ನಾವು ಮುಟ್ಟಿದ್ರ ಈ ನಳ ಹೊಲಸಾಗ್ತದ ಅಂತ ಅವರು ಮ್ಯಾಲಿಂದ ಸುರೀತಿದ್ರು. ನಿಮ್ಮನ್ನೆಲ್ಲ ನಮ್ಮ ಜಾಗದಾಗ ನಿಂದ್ರಸಿದ್ದೆ, ಸಿಟ್ಟಾಗಬ್ಯಾಡ್ರಿ. ನಿಂತು ನೋಡಿದ್ರಲ್ಲಾ ಈಗ?"

ಅಂದವಳೇ ಕಲ್ಲು ದಾಟಿ ಹೋದಳು. ಪೈಪು ಕಿತ್ತು ಬಿಸಾಡಿದಳು. ಹಿತ್ತಾಳೆ ನಲ್ಲಿಯ ಕುತ್ತಿಗೆಗೆ ಕೈ ಹಾಕಿ ತಿರುಗಿಸಿದಳು. ನೀರು ಬಿತ್ತು. ಬೇರೇನೂ ಬೀಳಲಿಲ್ಲ. ಆಕಾಶ ಇದ್ದಲ್ಲೇ ಇತ್ತು.

"ಬುಡೇ ನಲ್ಲಿನಾ!" ಕೃಷ್ಣಮ್ಮ ಕಿರುಚಿದಳು. ಅಡುಗೆಮನೆಗೆ ಓಡಿದಳು, ಹುಣಸೆಹಣ್ಣು ತಂದಳು. ಬಸಕ್ಕ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಕೃಷ್ಣಮ್ಮ ನಲ್ಲಿ ತಿಕ್ಕಿದಳು, ತೊಳೆದಳು. ತೊಳೆದು ಕೈ ತೆಗೆಯುವುದೇ ತಡ, ಬಸಕ್ಕ ಮತ್ತೆ ಕೈ ಇಟ್ಟಳು.

ಕೃಷ್ಣಮ್ಮ ಮತ್ತೆ ತಿಕ್ಕಿದಳು. ಬಸಕ್ಕ ಮತ್ತೆ ಮುಟ್ಟಿದಳು.

"ನೀವು ತೊಳೀರಿ ಕೃಷ್ಣಮ್ಮಾರೇ. ನಾ ಮುಟ್ತೀನಿ. ಇವತ್ತ ಕೆಲಸಕ್ಕ ಹೋಗಂಗಿಲ್ಲ. ಬೇಕಾದ್ರ ನಾಳೆನೂ ಹೋಗಂಗಿಲ್ಲ."

ಭಾಗ್ಯಶ್ರೀಗೆ ನಗು ತಡೆಯಲಾಗಲಿಲ್ಲ. "ಮುಟ್ಟು!" ಅಂದಳು. ಹಿಂದಿನ ಸಾಲಿನ ಕೂಸುಗಳು ಕುಣಿಯತೊಡಗಿದವು. ತಿಕ್ಕಿದಾಗ "ತೊಳಿ!" ಅಂತ, ಕೈ ಇಟ್ಟಾಗ "ಮುಟ್ಟು!" ಅಂತ ಕೂಗು. ಒಡಿಶಾದ ಹುಡುಗರಿಗೂ ಈ ಎರಡು ಮಾತು ಬೇಗ ಬಂದವು. ಒಬ್ಬಿಬ್ಬರು ಮುಖ ಗಂಟಿಕ್ಕಿಕೊಂಡು ತಮ್ಮ ಕೊಡ ಎತ್ತಿಕೊಂಡು ಹೋದರು. ಹೋಗಲಿ. ಲಿಖಿತ್ ಗೋಡೆಗೊರಗಿ ಫೋನಿಗೆ ಏನೋ ಕೇಳುತ್ತಿದ್ದ. ಅದು ಏನೋ ಬರೆದೂ ಕೊಟ್ಟಿತು. ಓದಿಸಿಕೊಳ್ಳುವವರು ಯಾರೂ ಇರಲಿಲ್ಲ.

ನಂಜಪ್ಪ ಮೆಟ್ಟಿಲಿಳಿದು ಬಂದ. "ಏಯ್! ಖೋಲಿ ಖಾಲಿ ಮಾಡ್ರಿ ಇವತ್ತೇ! ಎಲ್ಲಿ ನಿನ್ ಗಂಡ?"

ಯಂಕಪ್ಪ ಜನರ ಹಿಂದಿನಿಂದ ಬಂದ. ಕೈಯಲ್ಲಿ ಕೊಡ ಇತ್ತು. ನಂಜಪ್ಪನ ಪಕ್ಕದಿಂದಲೇ ಹಾದು ಹೋಗಿ ಕೊಡವನ್ನು ನಲ್ಲಿಯ ಕೆಳಗೆ ಇಟ್ಟ. ಇಟ್ಟು ಹಿಂದೆ ಸರಿಯಲಿಲ್ಲ. ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಅವರ್ನ ಖಾಲಿ ಮಾಡಸಿ ನೋಡ್ರಿ ಮತ್ತ," ಅಂದಳು ಸುಮಂಗಲಾ. "ನಾವು ಪೊಲೀಸರಿಗಿ ಈ ಆಡ್ ತೋರಸ್ತೀವಿ. ಯಾಕ ಮುಟ್ಟಬಾರದು ಅಂತ ಅವರೇ ನಿಮಗ ಕೇಳ್ಲಿ. ನಮ್ಮ ಅಡ್ವಾನ್ಸೂ ವಾಪಸ್ ಕೊಡ್ರಿ."

"ನಂದೂ," ಅಂದರು ಟೀಚರು, ಮೆಲ್ಲಗೆ.

ನಂಜಪ್ಪ ತುಂಬಿದ ಕಟ್ಟಡ ನೋಡಿದ. ಪ್ರತಿ ಬಾಲ್ಕನಿಯಲ್ಲೂ ಬಟ್ಟೆ ಒಣಗುತ್ತಿತ್ತು. ಬಂದ ದಾರಿಯಲ್ಲೇ ಮೆಟ್ಟಿಲೇರಿದ.

ಕೃಷ್ಣಮ್ಮ ಇನ್ನೂ ತಿಕ್ಕುತ್ತಿದ್ದಳು. ಸೀರೆ ತೊಯ್ದು ತೊಪ್ಪೆಯಾಗಿತ್ತು. ಹುಣಸೆಹಣ್ಣಿನಲ್ಲಿ ನಾರು ಮಾತ್ರ ಉಳಿದಿತ್ತು. ಒಮ್ಮೆ ತಿಕ್ಕಿದಳು. ಇನ್ನೊಮ್ಮೆ ಕೈ ಎತ್ತಿದಳು, ಎತ್ತಿದ ಕೈ ಹಾಗೇ ಇಳಿಯಿತು. ಬಸಕ್ಕನ ಕೈ ನಲ್ಲಿಯ ಮೇಲಿತ್ತು. ಸಿಮೆಂಟು ತಿಂದ ಉಗುರು, ಬಿರಿದ ಬೆರಳು. ಕೃಷ್ಣಮ್ಮ ಆ ಕೈಯನ್ನು ನೋಡಿದಳು. ನಾರನ್ನು ಗಿಡದ ಬುಡಕ್ಕೆ ಎಸೆದು, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಸಕ್ಕ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಯಂಕಪ್ಪನ ಕೊಡ ತುಂಬಿತು, ನೆಲಕ್ಕೆ ಒಂದು ಹನಿ ಬೀಳದೆ ತುಂಬಿತು. ಭಾಗ್ಯಶ್ರೀಯ ಕೊಡ ತುಂಬಿತು. ಕೂಸುಗಳು ಒಂದರ ಮೇಲೊಂದು ಬಿದ್ದು ಕೈ ಒಡ್ಡಿದವು. ಬಸಕ್ಕ ಮುಖ ತೊಳೆದಳು. ಕುತ್ತಿಗೆ ತೊಳೆದಳು. ಕಿತ್ತು ಹೋದ ಹೆಗಲಿಗೆ ನೀರು ಬಿಟ್ಟುಕೊಂಡಳು. ಎಷ್ಟು ತಣ್ಣಗಿತ್ತು ಆ ನೀರು! ಸುಮಂಗಲಾ ಬಕೆಟ್ ಹಿಡಿದು ಕಾಯುತ್ತಿದ್ದವಳು, "ಅಕ್ಕಾ, ಜಳಕಾನೂ ಇಲ್ಲೇ ಮಾಡ್ತೀಯೇನ?" ಅಂದಳು. ಸಾಲಿಗೆ ಸಾಲೇ ನಕ್ಕಿತು.

ಆಗ ಒಳಗಿನ ಕಿಟಕಿಯಿಂದ ಕೃಷ್ಣಮ್ಮನ ದನಿ ಬಂತು. ದನಿಯಲ್ಲಿ ಸಿಟ್ಟು ಇಳಿದಿರಲಿಲ್ಲ.

"ಏ ಬಸಕ್ಕಾ! ನೀರು ಪೋಲಾಯ್ತಾ ಅದೆ! ನಲ್ಲಿ ನಿಲ್ಸೇ!"

ಭಾಗ್ಯಶ್ರೀ ಬಸಕ್ಕನ ರಟ್ಟೆ ಹಿಡಿದಳು. "ಕೇಳಿದ್ಯೇನಕ್ಕಾ? ನಿನಗ ನಿಲ್ಲಸು ಅಂದ್ರು! ನಿನಗ!"

ಬಸಕ್ಕ ಬೊಗಸೆ ಒಡ್ಡಿ ಕೂತಿದ್ದಳು.

"ನಿಲ್ಲಸ್ತೀನ್ರೀ," ಅಂತ ಕಿಟಕಿಯ ಕಡೆ ಕೂಗಿದಳು. "ಕುಡದಾದ ಮ್ಯಾಲ."